ಶಾಲೆ ಮುಗಿಸುವ ಹೊತ್ತಿನ ಚೀನೀ ಭಾಷಾ ಪರೀಕ್ಷೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿದೇಶಗಳಲ್ಲಿ ಶಾಲಾ ವ್ಯಾಸಂಗದ ಕೊನೆಗೆ ನಡೆಯುವ ಪರೀಕ್ಷೆಗಳ ಕುರಿತು ಬಂದ ಪತ್ರಗಳಲ್ಲಿ ಚೀನೀ ಭಾಷೆಯದೇ ಒಂದು ಕಂತೆಯಾಗುವಷ್ಟು ಪ್ರಶ್ನೆಗಳಿದ್ದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಬಹುತೇಕ ಪತ್ರಗಳ ಹಿಂದಿರುವ ಗೊಂದಲ ಒಂದೇ. ಆ ಭಾಷೆಯಲ್ಲೇ ಬೆಳೆದ ಮಕ್ಕಳಿಗಾಗಿ ಮಾಡಿದ ಪರೀಕ್ಷೆಯನ್ನೂ ಅದನ್ನು ಹೊರಗಿನಿಂದ ಕಲಿತವರಿಗಾಗಿ ಮಾಡಿದ ಪರೀಕ್ಷೆಯನ್ನೂ ಜನ ‘ಚೀನೀ ಪರೀಕ್ಷೆ’ ಎಂದೇ ಕರೆಯುತ್ತಾರೆ. ಇವೆರಡರ ನಡುವಿನ ಅಂತರ ಎಷ್ಟೆಂಬುದು ತಂದೆತಾಯಂದಿರ ಗಮನಕ್ಕೆ ಬರುವಷ್ಟರಲ್ಲಿ ಅನೇಕ ಸಲ ಮಗು ಪ್ರೌಢಶಾಲೆಯ ಕೊನೆಯ ವರ್ಷಗಳಿಗೆ ಬಂದಿರುತ್ತದೆ.

ಪ್ರಶ್ನೆ: ನಾವು ಬೆಂಗಳೂರಿನಿಂದ ಹಾಂಗ್‌ಕಾಂಗ್‌ಗೆ ಬಂದಾಗ ಮಗ ನಾಲ್ಕನೆಯ ತರಗತಿಗೆ ಸೇರಿದ. ಈಗ ಪ್ರೌಢಶಾಲೆಯ ಮೂರನೆಯ ವರ್ಷದಲ್ಲಿದ್ದಾನೆ. ಗೆಳೆಯರೊಂದಿಗೆ ಕ್ಯಾಂಟನೀಸ್ ಭಾಷೆಯನ್ನು ಸರಾಗವಾಗಿ ಮಾತನಾಡುತ್ತಾನೆ. ಹೀಗಿದ್ದೂ ಶಾಲೆಯವರು ಅವನಿಗೆ ಡಿಎಸ್‌ಇ ಚೀನೀ ಪರೀಕ್ಷೆ ಬೇಡ, ಬ್ರಿಟನ್ನಿನಲ್ಲಿ ಹದಿನಾರರ ವಯಸ್ಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಚೀನೀ ಬರೆಸಿ ಎನ್ನುತ್ತಿದ್ದಾರೆ. ಇಷ್ಟು ಚೆನ್ನಾಗಿ ಮಾತನಾಡುವ ಹುಡುಗನಿಗೆ ಕೆಳಮಟ್ಟದ ಪರೀಕ್ಷೆ ಏಕೆ? (ಒಬ್ಬ ತಾಯಿ, ಹಾಂಗ್‌ಕಾಂಗ್)

ಉತ್ತರ: ತಾಯಿಯಾಗಿ ನಿಮಗೆ ಬೇಸರವಾಗಿರುವುದು ಸಹಜ. ಆದರೆ ನಿಮ್ಮ ಮಗ ಮಾತನಾಡುವ ಭಾಷೆಗೂ ಆ ಪರೀಕ್ಷೆಯಲ್ಲಿ ಬರೆಯಬೇಕಾದ ಭಾಷೆಗೂ ಇರುವ ದೂರವನ್ನು ಮೊದಲು ಗಮನಿಸಬೇಕು. ಹಾಂಗ್‌ಕಾಂಗ್‌ನಲ್ಲಿ ಜನ ಕ್ಯಾಂಟನೀಸ್ ಆಡುತ್ತಾರೆ, ಬರೆಯುವುದು ಮಾತ್ರ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ನಿನ ವ್ಯಾಕರಣವನ್ನು ಆಧರಿಸಿದ ಶಿಷ್ಟ ಚೀನೀ ಬರಹ. ‘ಅಲ್ಲ’ ಎನ್ನಲು ನಿಮ್ಮ ಮಗ ಆಟದ ಮೈದಾನದಲ್ಲಿ ‘ಮ್ ಹಾಯ್’ ಎನ್ನುತ್ತಾನೆ. ಉತ್ತರಪತ್ರಿಕೆಯಲ್ಲಿ ಅದನ್ನೇ ಬರೆದರೆ ಆಡುಮಾತು ನುಸುಳಿದೆಯೆಂದು ಅಂಕ ಹೋಗುತ್ತದೆ. ಅಲ್ಲಿ ಬರೆಯಬೇಕಾದ ಎರಡು ಅಕ್ಷರಗಳೇ ಬೇರೆ, ಅವುಗಳನ್ನು ಕ್ಯಾಂಟನೀಸ್‌ನಲ್ಲಿ ‘ಪತ್ ಸೀ’ ಎಂದು ಓದುತ್ತಾರೆ. ಮನೆಯಲ್ಲಿ ಚೀನೀ ಪತ್ರಿಕೆ ಓದುವ, ಅಜ್ಜಿಯ ಬಾಯಲ್ಲಿ ಗಾದೆ ಕೇಳುವ ಮಕ್ಕಳಿಗೆ ಈ ದಾಟುವಿಕೆ ಬಾಲ್ಯದಿಂದಲೇ ರೂಢಿಯಾಗಿರುತ್ತದೆ. ನಮ್ಮ ಮಕ್ಕಳು ಅದನ್ನು ಶಾಲೆಯಲ್ಲಿ ಮಾತ್ರ ಕಲಿಯಬೇಕು.

ಡಿಎಸ್‌ಇ ಎಂಬುದು ಹಾಂಗ್‌ಕಾಂಗ್‌ನ ಶಾಲಾಂತ್ಯ ಪರೀಕ್ಷೆ. ಅದಕ್ಕೆ ಮೊದಲು ಐದನೆಯ ಫಾರಂ (ಪ್ರೌಢಶಾಲೆಯ ಐದನೆಯ ವರ್ಷ) ಮುಗಿದಾಗ ಒಂದು ಪರೀಕ್ಷೆಯೂ ಏಳನೆಯ ಫಾರಂ ಮುಗಿದಾಗ ಎ ಲೆವೆಲ್ ಪರೀಕ್ಷೆಯೂ ನಡೆಯುತ್ತಿದ್ದವು. ಅವೆರಡರ ಬದಲಿಗೆ 2012ರಿಂದ ಈ ಒಂದೇ ಪರೀಕ್ಷೆ ಬಂದಿತು. ಇದರಲ್ಲಿ ಚೀನೀ ಭಾಷೆ ಕಡ್ಡಾಯ ವಿಷಯಗಳಲ್ಲೊಂದು. ಫಲಿತಾಂಶವನ್ನು 1ರಿಂದ 5ರವರೆಗಿನ ಹಂತಗಳಲ್ಲಿ ಕೊಡುತ್ತಾರೆ, ಐದನೆಯ ಹಂತದಲ್ಲೂ ಅತ್ಯುತ್ತಮರಿಗೆ ಒಂದು ನಕ್ಷತ್ರ, ಎರಡು ನಕ್ಷತ್ರಗಳುಂಟು. ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳ ಪದವಿಗೆ ಸಾಮಾನ್ಯವಾಗಿ ಚೀನೀ ಭಾಷೆಯಲ್ಲಿ ಮೂರನೆಯ ಹಂತವಾದರೂ ಬೇಕು. ಚೀನೀ ಮನೆಗಳಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿಗಳು ಈ ವಿಷಯವನ್ನು ‘ಸಾವಿನ ಪತ್ರಿಕೆ’ ಎಂದು ಕರೆಯುತ್ತ ಬಂದಿದ್ದಾರೆ ಎಂದರೆ ಇದರ ಬಿಗಿ ಎಷ್ಟೆಂದು ಊಹಿಸಬಹುದು. ಇನ್ನೊಂದು ಸಂಗತಿ ನಿಮ್ಮ ಮಗನಿಗೆ ನೇರವಾಗಿ ಸಂಬಂಧಿಸಿದ್ದು: 2024ರ ಪರೀಕ್ಷೆಯಿಂದ ಮೌಖಿಕ ಪತ್ರಿಕೆಯನ್ನು ಕೈಬಿಡಲಾಗಿದೆ. ಅವನ ದೊಡ್ಡ ಬಲವಾದ ಮಾತುಗಾರಿಕೆಗೆ ಆ ಪತ್ರಿಕೆಯಲ್ಲಿ ಸಿಗಬಹುದಾಗಿದ್ದ ಅಂಕಗಳೂ ಇದರಿಂದ ಇಲ್ಲವಾದವು.

ಹಾಗೆಂದು ಶಾಲೆಯ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಚೀನೀಯೇತರ ಭಾಷಿಕ ವಿದ್ಯಾರ್ಥಿಗಳು ಡಿಎಸ್‌ಇ ಚೀನೀಗೆ ಬದಲಾಗಿ ಜಿಸಿಎಸ್‌ಇ, ಅದರ ಮುಂದಿನ ಹಂತವಾದ ಬ್ರಿಟನ್ನಿನ ಎ ಲೆವೆಲ್ ಮುಂತಾದ ಪರ್ಯಾಯ ಅರ್ಹತೆಯನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಲು ಎರಡು ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸಿರಬೇಕು. ಒಂದನೆಯದು, ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣದ ಅವಧಿಯಲ್ಲಿ ಚೀನೀ ಭಾಷೆಯನ್ನು ಆರು ವರ್ಷಕ್ಕಿಂತ ಕಡಿಮೆ ಕಾಲ ಓದಿರುವುದು. ಎರಡನೆಯದು, ಆರು ವರ್ಷ ಅಥವಾ ಅದಕ್ಕೂ ಹೆಚ್ಚು ಓದಿದ್ದರೂ, ಸ್ಥಳೀಯ ಶಾಲೆಗಳ ಬಹುಪಾಲು ಮಕ್ಕಳಿಗೆ ಕಲಿಸುವುದಕ್ಕಿಂತ ಸರಳಗೊಳಿಸಿದ ಪಠ್ಯಕ್ರಮದಲ್ಲಿ ಓದಿರುವುದು. ನಾಲ್ಕನೆಯ ತರಗತಿಯಿಂದ ಅಲ್ಲೇ ಓದಿರುವ ನಿಮ್ಮ ಮಗ ಶಾಲೆ ಮುಗಿಸುವ ಹೊತ್ತಿಗೆ ಮೊದಲ ಷರತ್ತಿನಿಂದ ಹೊರಗುಳಿಯುತ್ತಾನೆ. ಉಳಿದದ್ದು ಎರಡನೆಯದು. ಆದ್ದರಿಂದ ಇಷ್ಟು ವರ್ಷ ಅವನಿಗೆ ಕಲಿಸಿದ್ದು ಸರಳಗೊಳಿಸಿದ ಪಠ್ಯಕ್ರಮವೇ ಎಂಬುದನ್ನು ಶಾಲೆಯಿಂದ ಬರಹದಲ್ಲಿ ಪಡೆದುಕೊಳ್ಳಿ. ಅವನು ಎಲ್ಲರ ಜೊತೆ ಸಾಮಾನ್ಯ ಚೀನೀ ತರಗತಿಯಲ್ಲೇ ಕುಳಿತಿದ್ದರೆ, ಜಿಸಿಎಸ್‌ಇಯಲ್ಲಿ ಅತ್ಯುನ್ನತ ದರ್ಜೆ ಬಂದರೂ ವಿಶ್ವವಿದ್ಯಾಲಯದ ಬಾಗಿಲಲ್ಲಿ ಅದು ನಡೆಯದೆ ಹೋಗಬಹುದು. ಈ ಕಾಗದವೊಂದನ್ನು ಈ ವರ್ಷವೇ ಕೇಳಿ ಪಡೆಯಬೇಕು, ಮುಂದೂಡಬೇಡಿ.

ಜಿಸಿಎಸ್‌ಇ ಚೀನೀ ಪರೀಕ್ಷೆಯ ಮಟ್ಟ ಹಾಂಗ್‌ಕಾಂಗ್‌ನ ಪ್ರಾಥಮಿಕ ಶಾಲೆಯ ಕೆಳ ತರಗತಿಗಳ ಮಟ್ಟವನ್ನು ಮೀರುವುದಿಲ್ಲ ಎಂಬ ಟೀಕೆ ಬಹಳ ಕಾಲದಿಂದ ಇದೆ, ಮತ್ತು ಅದು ನ್ಯಾಯವಾದ ಟೀಕೆ. ವಿಶ್ವವಿದ್ಯಾಲಯಕ್ಕೆ ಸೇರಲು ಅದು ಸಾಕಾದೀತು. ಪದವಿಯ ನಂತರ ಚೀನೀ ಓದು ಬರಹ ಕೇಳುವ ಉದ್ಯೋಗಕ್ಕೆ ಅರ್ಜಿ ಹಾಕಿದಾಗ ಸಾಲದು. ಈ ಎರಡು ಪರೀಕ್ಷೆಗಳ ನಡುವೆ ಇಡೀ ಪ್ರೌಢಶಾಲೆಯಷ್ಟು ಅಂತರವಿದ್ದು, ಆ ಅಂತರದಲ್ಲೇ ನೆಲೆಸಿರುವ ದಕ್ಷಿಣ ಏಷ್ಯಾದ ಮಕ್ಕಳಿಗಾಗಿ 2014–15ರ ಶಾಲಾ ವರ್ಷದಿಂದ ಎರಡನೆಯ ಭಾಷೆಯಾಗಿ ಚೀನೀ ಕಲಿಕೆಯ ಚೌಕಟ್ಟು ಮತ್ತು ‘ಅನ್ವಯಿಕ ಕಲಿಕೆ ಚೀನೀ’ ಎಂಬ ಉದ್ಯೋಗಸಂಬಂಧಿ ವಿಷಯವನ್ನು ಸರ್ಕಾರ ತಂದಿದೆ. ಇವುಗಳಲ್ಲಿ ಎರಡನೆಯದು ನಿಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಲಭ್ಯವಿದೆಯೇ ಎಂದು ವಿಚಾರಿಸಿ. ನಮ್ಮ ಅಭಿಪ್ರಾಯ ಕೇಳಿದರೆ, ಜಿಸಿಎಸ್‌ಇಯನ್ನು ಮೊದಲೇ ಬರೆಸಿ ಕೈಯಲ್ಲಿ ಇರಿಸಿಕೊಂಡು, ಮಗ ಒಪ್ಪಿದರೆ ಡಿಎಸ್‌ಇ ಚೀನೀಯ ಓದು ಬರಹದ ಅಭ್ಯಾಸವನ್ನು ನಿಲ್ಲಿಸದೆ ಮುಂದುವರಿಸುವುದು ಒಳ್ಳೆಯದು. ಮಾತು ಬರುವ ಮಗುವಿಗೆ ಓದು ಕಲಿಸುವುದು, ಏನೂ ಬಾರದ ಮಗುವಿಗೆ ಕಲಿಸುವುದಕ್ಕಿಂತ ಎಷ್ಟೋ ಸುಲಭ. ಆ ಬಂಡವಾಳವನ್ನು ಒಂದು ಸುಲಭದ ಪ್ರಮಾಣಪತ್ರಕ್ಕಾಗಿ ಬಿಟ್ಟುಕೊಡುವುದು ನಷ್ಟ.

ಪ್ರಶ್ನೆ: ಡಿಎಸ್‌ಇ ಚೀನೀ ಪರೀಕ್ಷೆಯಲ್ಲಿ ಎರಡು ಸಾವಿರ ವರ್ಷ ಹಳೆಯ ಪಠ್ಯಗಳನ್ನು ಓದಿಸುತ್ತಾರೆಂದು ಕೇಳಿದ್ದೇನೆ. ನಮ್ಮ ಪಿಯು ತರಗತಿಗಳಲ್ಲಿ ಹಳಗನ್ನಡ ಪದ್ಯವೆಂದರೆ ಮಕ್ಕಳು ಹೆದರುತ್ತಾರೆ. ಅಲ್ಲಿನ ಮಕ್ಕಳು ಹೇಗೆ ನಿಭಾಯಿಸುತ್ತಾರೆ? (ಕನ್ನಡ ಉಪನ್ಯಾಸಕರು, ಶಿವಮೊಗ್ಗ)

ಉತ್ತರ: ನೀವು ಕೇಳಿದ್ದು ನಿಜ. ಡಿಎಸ್‌ಇ ಆರಂಭವಾದಾಗ ಚೀನೀ ಭಾಷೆಗೆ ನಿಗದಿತ ಪಠ್ಯಗಳೇ ಇರಲಿಲ್ಲ. ಕಾಣದ ಗದ್ಯಪದ್ಯಗಳನ್ನು ಕೊಟ್ಟು ಓದುವ ಶಕ್ತಿಯನ್ನಷ್ಟೇ ಅಳೆಯುತ್ತಿದ್ದರು. ಹೀಗಾದರೆ ಪ್ರಾಚೀನ ಸಾಹಿತ್ಯದ ಪರಿಚಯವೇ ಇಲ್ಲದೆ ಮಕ್ಕಳು ಶಾಲೆ ದಾಟುತ್ತಾರೆಂಬ ಆತಂಕದಿಂದ 2018ರ ಪರೀಕ್ಷೆಯಿಂದ ಹನ್ನೆರಡು ಪ್ರಾಚೀನ ಪಠ್ಯಘಟಕಗಳನ್ನು ಕಡ್ಡಾಯ ಮಾಡಲಾಯಿತು. ಪ್ರಾಚೀನ ಚಿಂತಕರಾದ ಕನ್‌ಫ್ಯೂಷಿಯಸ್, ಮೆನ್ಷಿಯಸ್, ಝುವಾಂಗ್‌ಝಿ, ಷುನ್‌ಝಿ ಇವರ ವಚನಭಾಗಗಳು, ಇತಿಹಾಸಕಾರ ಸಿಮಾ ಚಿಯಾನ್ ಬರೆದ ಜೀವನಚರಿತ್ರೆಯೊಂದರ ಭಾಗ, ತಾಂಗ್ ಮತ್ತು ಸೋಂಗ್ ರಾಜವಂಶಗಳ ಕಾಲದ ಗದ್ಯ, ಮೂರು ತಾಂಗ್ ಕವಿತೆ, ಮೂರು ಸೋಂಗ್ ಗೀತೆ ಅದರಲ್ಲಿವೆ. ಹೂಗಳ ನಡುವೆ ಒಂಟಿಯಾಗಿ ಮದ್ಯದ ಹೂಜಿ ಹಿಡಿದು ಕುಳಿತು, ಚಂದ್ರನನ್ನೂ ತನ್ನ ನೆರಳನ್ನೂ ಸೇರಿಸಿಕೊಂಡು ಮೂವರಾದೆವು ಎನ್ನುವ ಲೀ ಬಾಯ್‌ನ ಕವಿತೆ ಅವುಗಳಲ್ಲೊಂದು. ತಾಂಗ್ ಕಾಲದ ಲೇಖಕ ಹಾನ್ ಯುವಿನ ಪ್ರಬಂಧವೊಂದು ಗುರುವಿನ ಕುರಿತದ್ದು: ತನಗಿಂತ ಮೊದಲು ದಾರಿ ಕಂಡವನು ವಯಸ್ಸಿನಲ್ಲಿ ಕಿರಿಯನಾದರೂ ತನಗೆ ಗುರುವೇ ಎಂದು ವಾದಿಸುವ ಆ ಬರಹವನ್ನು ಹದಿಹರೆಯದವರ ಕೈಯಲ್ಲಿ ಇಟ್ಟದ್ದು ಒಳ್ಳೆಯ ಆಯ್ಕೆಯೆಂದು ನಮಗೆ ಅನ್ನಿಸುತ್ತದೆ.

ಕಷ್ಟ ಇರುವುದು ಅಕ್ಷರ ಗುರುತಿಸುವುದರಲ್ಲಲ್ಲ. ಹಳೆಯ ಪಠ್ಯದ ಬಹುಪಾಲು ಅಕ್ಷರಗಳು ಇಂದೂ ಬಳಕೆಯಲ್ಲಿವೆ. ಅವುಗಳ ಅರ್ಥ ಸರಿದಿದೆ. ಇಂದಿನ ಮ್ಯಾಂಡರಿನ್ನಿನಲ್ಲಿ ‘ನಡೆ’ ಎಂಬ ಅರ್ಥದ ಅಕ್ಷರಕ್ಕೆ ಪ್ರಾಚೀನ ಬರಹದಲ್ಲಿ ‘ಓಡು’ ಎಂಬ ಅರ್ಥ. ಜೊತೆಗೆ ಹಳೆಯ ವಾಕ್ಯದಲ್ಲಿ ಕರ್ತೃಪದವನ್ನು ಹೇಳದೇ ಬಿಡುವುದು ಸಾಮಾನ್ಯ, ಒಂದೇ ಅಕ್ಷರ ಒಂದೆಡೆ ನಾಮಪದವಾಗಿ ಇನ್ನೊಂದೆಡೆ ಕ್ರಿಯಾಪದವಾಗಿ ನಿಲ್ಲುತ್ತದೆ. ಹಳಗನ್ನಡದ ವಿಭಕ್ತಿ ಪ್ರತ್ಯಯಗಳು ನಮ್ಮ ವಿದ್ಯಾರ್ಥಿಗೆ ಯಾರು ಯಾರಿಗೆ ಏನು ಮಾಡಿದರೆಂಬ ಸುಳಿವನ್ನಾದರೂ ಕೊಡುತ್ತವೆ. ಪ್ರಾಚೀನ ಚೀನೀಯಲ್ಲಿ ಪ್ರತ್ಯಯಗಳೇ ಇಲ್ಲದ್ದರಿಂದ ಪದಗಳ ಸ್ಥಾನವನ್ನೂ ಸಂದರ್ಭವನ್ನೂ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ನಿಗದಿತ ಪಠ್ಯಗಳ ಜೊತೆಗೆ ಮೊದಲು ನೋಡಿರದ ಪ್ರಾಚೀನ ಗದ್ಯವನ್ನೂ ಪರೀಕ್ಷೆಯಲ್ಲಿ ಕೊಡುತ್ತಾರೆ. ಹೀಗಾಗಿ ಅನುವಾದವನ್ನು ಬಾಯಿಪಾಠ ಮಾಡಿದವರು ಮೊದಲ ಭಾಗ ದಾಟಿ ಎರಡನೆಯದರಲ್ಲಿ ಎಡವುತ್ತಾರೆ. ನಮ್ಮಲ್ಲೂ ಹಳಗನ್ನಡದ ಒಂದು ಕಾಣದ ಪದ್ಯವನ್ನು ಪದಕೋಶದ ನೆರವಿನೊಡನೆ ಕೊಟ್ಟು ಕೇಳುವ ಪದ್ಧತಿ ಬಂದರೆ ಗೈಡುಗಳ ಹಿಡಿತ ಸಡಿಲವಾದೀತೆಂಬುದು ನಮ್ಮ ಆಸೆ.

ಪ್ರಶ್ನೆ: ಚೀನಾದಲ್ಲಿ ಕಾಲೇಜು ಪ್ರವೇಶಕ್ಕಾಗಿ ನಡೆಯುವ ಗಾವ್‌ಕಾವ್ ಪರೀಕ್ಷೆಯಲ್ಲಿ ಒಂದೇ ಪ್ರಬಂಧ ಮಕ್ಕಳ ಭವಿಷ್ಯವನ್ನು ನಿರ್ಧರಿಸುತ್ತದೆಯೆಂದು ಓದಿದೆ. ಇದರಲ್ಲಿ ಎಷ್ಟು ಸತ್ಯ? (ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ‘ನಿರ್ಧರಿಸುತ್ತದೆ’ ಎಂಬುದು ಹೆಚ್ಚಾಯಿತು, ಆದರೆ ಅದರ ತೂಕ ಕಡಿಮೆಯದೇನಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಗಾವ್‌ಕಾವ್ 1977ರ ಚಳಿಗಾಲದಲ್ಲಿ ಮತ್ತೆ ಆರಂಭವಾದಾಗ ಸುಮಾರು 57 ಲಕ್ಷ ಜನ ಬರೆದಿದ್ದರು. 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷಕ್ಕೂ ಹೆಚ್ಚು. ಜೂನ್ 7ರ ಬೆಳಿಗ್ಗೆ ಒಂಬತ್ತು ಗಂಟೆಗೆ ಇಡೀ ಪರೀಕ್ಷೆ ಆರಂಭವಾಗುವುದೇ ಚೀನೀ ಭಾಷೆಯ ಪತ್ರಿಕೆಯಿಂದ. ಹೆಚ್ಚಿನ ಪ್ರಾಂತಗಳಲ್ಲಿ ಒಟ್ಟು ಅಂಕ 750, ಅದರಲ್ಲಿ ಚೀನೀ ಭಾಷೆಗೆ 150, ಆ 150ರಲ್ಲಿ ಪ್ರಬಂಧವೊಂದಕ್ಕೇ 60. ಉಳಿದ ಅಂಕಗಳು ಆಧುನಿಕ ಗದ್ಯ, ಪ್ರಾಚೀನ ಗದ್ಯ, ಪ್ರಾಚೀನ ಕವಿತೆ, ಭಾಷಾಬಳಕೆ ಇವುಗಳಿಗೆ ಹಂಚಿಹೋಗುತ್ತವೆ. ಪ್ರಸಿದ್ಧ ಪ್ರಾಚೀನ ಸಾಲುಗಳನ್ನು ನೆನಪಿನಿಂದ ತುಂಬುವ ಪ್ರಶ್ನೆಯಲ್ಲಿ ಅಕ್ಷರವೊಂದು ತಪ್ಪಿದರೂ ಆ ಸಾಲಿನ ಅಂಕ ಸಿಗುವುದಿಲ್ಲ.

ಪ್ರಬಂಧದ ಉತ್ತರಪತ್ರಿಕೆ ನೋಡುವುದಕ್ಕೂ ನಮ್ಮದಕ್ಕಿಂತ ಬೇರೆ. ಗೆರೆಗಳ ಬದಲು ಪುಟದ ತುಂಬ ಸಣ್ಣ ಚೌಕಗಳಿರುತ್ತವೆ. ಒಂದು ಚೌಕಕ್ಕೆ ಒಂದು ಅಕ್ಷರ, ವಿರಾಮಚಿಹ್ನೆಗೂ ತನ್ನದೇ ಚೌಕ, ಪ್ರತಿ ಪ್ಯಾರಾದ ಆರಂಭದಲ್ಲಿ ಎರಡು ಚೌಕ ಖಾಲಿ. ಕನಿಷ್ಠ 800 ಅಕ್ಷರ ಬರೆಯಬೇಕೆಂಬ ನಿಯಮವಿರುವುದರಿಂದ ಬರೆದದ್ದು ಎಷ್ಟಾಯಿತೆಂದು ವಿದ್ಯಾರ್ಥಿಗೂ ಮೌಲ್ಯಮಾಪಕರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಬರೆದದ್ದನ್ನು ಸ್ಕ್ಯಾನ್ ಮಾಡಿ ಇಬ್ಬರು ಮೌಲ್ಯಮಾಪಕರಿಗೆ ಪ್ರತ್ಯೇಕವಾಗಿ ಕಳುಹಿಸುತ್ತಾರೆ, ಇಬ್ಬರ ಅಂಕಗಳ ಅಂತರ ಮಿತಿ ಮೀರಿದರೆ ಮೂರನೆಯವರು ನೋಡುತ್ತಾರೆ.

ವಿಷಯಗಳು ಕಾಲದೊಂದಿಗೆ ಬದಲಾಗಿವೆ. 1977ರಲ್ಲಿ ಬೀಜಿಂಗ್‌ನ ವಿದ್ಯಾರ್ಥಿಗಳಿಗೆ ಕೊಟ್ಟದ್ದು ಹೋರಾಟದ ಈ ಒಂದು ವರ್ಷದಲ್ಲಿ ನಾನು ಎಂಬ ಅರ್ಥದ ಶೀರ್ಷಿಕೆ. 2024ರ ರಾಷ್ಟ್ರೀಯ ಪತ್ರಿಕೆಗಳಲ್ಲೊಂದು, ಅಂತರ್ಜಾಲ ಮತ್ತು ಕೃತಕ ಬುದ್ಧಿಮತ್ತೆಯಿಂದ ಹೆಚ್ಚು ಹೆಚ್ಚು ಪ್ರಶ್ನೆಗಳಿಗೆ ಬೇಗನೆ ಉತ್ತರ ಸಿಗುವಂತಾದರೆ ನಮ್ಮ ಪ್ರಶ್ನೆಗಳು ಕಡಿಮೆಯಾಗುತ್ತ ಹೋಗುವವೇ ಎಂದು ಕೇಳಿತು. ಸಿದ್ಧಮಾದರಿಯ ಪ್ರಬಂಧಗಳನ್ನು ಕಲಿಸುವ ಉದ್ಯಮ ಅಲ್ಲಿಯೂ ದೊಡ್ಡದು, ಮತ್ತು ಬಹುಪಾಲು ವಿದ್ಯಾರ್ಥಿಗಳು ನಡುವಿನ ಅಂಕಗಳ ಸುರಕ್ಷಿತ ದಾರಿಯನ್ನೇ ಹಿಡಿಯುತ್ತಾರೆ. ಆದರೂ 2001ರಲ್ಲಿ ನಾನ್‌ಜಿಂಗ್‌ನ ವಿದ್ಯಾರ್ಥಿಯೊಬ್ಬ, ಪ್ರಾಮಾಣಿಕತೆ ಎಂಬ ವಿಷಯಕ್ಕೆ, ಹಳೆಯ ಕಥೆಗಳಲ್ಲಿ ಬರುವ ಕುದುರೆಯೊಂದರ ಸಾವನ್ನು ಪ್ರಾಚೀನ ಶೈಲಿಯ ಗದ್ಯದಲ್ಲಿ ಬರೆದು ಪೂರ್ಣ ಅಂಕ ಪಡೆದದ್ದನ್ನು ಅಲ್ಲಿನ ಶಿಕ್ಷಕರು ಇಂದೂ ನೆನೆಯುತ್ತಾರೆ. ಓದಿದ್ದು ಮೈಗೂಡಿದ್ದರೆ ಚೌಕಗಳ ನಡುವೆಯೂ ಸ್ವಂತ ದನಿ ಕೇಳಿಸುತ್ತದೆ ಎಂಬುದಕ್ಕೆ ನಿಮ್ಮಂಥ ವಿದ್ಯಾರ್ಥಿನಿಯರು ಇದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಶಾಲೆಯಲ್ಲಿ ಮ್ಯಾಂಡರಿನ್ ಕಲಿತು ಜಿಸಿಎಸ್‌ಇಯಲ್ಲಿ ಒಳ್ಳೆಯ ದರ್ಜೆ ಪಡೆದಿದ್ದಾಳೆ. ಎ ಲೆವೆಲ್‌ನಲ್ಲೂ ಚೀನೀ ತೆಗೆದುಕೊಳ್ಳುವ ಆಸೆ ಅವಳಿಗೆ. ಚೀನೀ ಮನೆಯ ಮಕ್ಕಳೇ ತುಂಬಿರುವ ಪರೀಕ್ಷೆಯಲ್ಲಿ ನಮ್ಮ ಹುಡುಗಿ ಹಿಂದೆ ಬೀಳುವುದಿಲ್ಲವೇ? (ಒಬ್ಬ ತಂದೆ, ಲಂಡನ್)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. 2018ರಲ್ಲಿ ಎ ಲೆವೆಲ್ ಚೀನೀ ಬರೆದವರ ಸಂಖ್ಯೆ ಜರ್ಮನ್ ಬರೆದವರ ಸಂಖ್ಯೆಯನ್ನು ಮೀರಿತು. ಆದರೆ ಅವರಲ್ಲಿ ಬಹಳಷ್ಟು ಮಂದಿ ಆ ಭಾಷೆಯನ್ನು ಮನೆಯಿಂದಲೇ ತಂದವರು. ಹೊಸದಾಗಿ ಕಲಿತವರಿಗೆ ಇದರಿಂದ ಅನ್ಯಾಯವಾಗುತ್ತದೆಯೆಂಬ ದೂರು ಅಲ್ಲಿನ ಶಿಕ್ಷಕರದ್ದೂ ಹೌದು.

ಹಾಗಿದ್ದೂ ಪರೀಕ್ಷೆಯ ರಚನೆಯನ್ನು ನೋಡಿದ ಮೇಲೆ ತೀರ್ಮಾನಿಸಿ. 2017ರಿಂದ ಬೋಧನೆಯಲ್ಲಿರುವ, ಪಿಯರ್ಸನ್ ಎಡೆಕ್ಸೆಲ್ ಪರೀಕ್ಷಾ ಮಂಡಳಿಯ ಪಠ್ಯಕ್ರಮದಲ್ಲಿ ಕೇಳುವಿಕೆ, ಓದು ಮತ್ತು ಇಂಗ್ಲಿಷಿಗೆ ಅನುವಾದ ಇರುವ ಮೊದಲ ಪತ್ರಿಕೆಗೆ ಶೇ 40, ಚೀನೀಗೆ ಅನುವಾದ ಮತ್ತು ಎರಡು ಕೃತಿಗಳ ಮೇಲಿನ ಪ್ರಬಂಧಗಳಿರುವ ಎರಡನೆಯದಕ್ಕೆ ಶೇ 30, ಮೌಖಿಕಕ್ಕೆ ಶೇ 30. ಆ ಎರಡು ಕೃತಿಗಳಲ್ಲಿ ಒಂದಾದರೂ ಸಾಹಿತ್ಯಕೃತಿಯಾಗಿರಬೇಕು, ಇನ್ನೊಂದು ಚಲನಚಿತ್ರವಾಗಬಹುದು. ಮೌಖಿಕದಲ್ಲಿ ವಿದ್ಯಾರ್ಥಿ ತಾನೇ ಆರಿಸಿಕೊಂಡ ವಿಷಯದ ಮೇಲೆ ಮಾಡಿದ ಸಂಶೋಧನೆಯನ್ನು ಮಂಡಿಸಿ ಚರ್ಚಿಸಬೇಕು. 1978ರ ಸುಧಾರಣೆ ಮತ್ತು ಮುಕ್ತ ನೀತಿಯಿಂದ ಚೀನೀ ಸಮಾಜದಲ್ಲಾದ ಬದಲಾವಣೆಗಳು ಪಠ್ಯದ ಒಂದು ಮುಖ್ಯ ವಸ್ತು. ಇವೆಲ್ಲ ಮನೆಮಾತು ಬಂದ ಮಾತ್ರಕ್ಕೆ ತಾನಾಗಿ ಬರುವಂಥವಲ್ಲ, ಓದಿ ಯೋಚಿಸಿದವರಿಗೆ ದಕ್ಕುವಂಥವು. ನಿಮ್ಮ ಮಗಳಿಗೆ ಕಷ್ಟ ಎದುರಾಗುವುದು ಕೈಬರಹದಲ್ಲಿ. ಅಮೆರಿಕದಲ್ಲಿ 2007ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಕಾಲೇಜು ಮಟ್ಟದಲ್ಲಿ ನಡೆಯುತ್ತಿರುವ ಎಪಿ ಚೀನೀ ಪರೀಕ್ಷೆಯಲ್ಲಿ ಉಚ್ಚಾರಣೆಯನ್ನು ಕೀಲಿಮಣೆಯಲ್ಲಿ ಒತ್ತಿ, ತೆರೆಯ ಮೇಲೆ ಬಂದ ಅಕ್ಷರಗಳಿಂದ ಸರಿಯಾದುದನ್ನು ಆರಿಸಿದರೆ ಸಾಕು. ಎ ಲೆವೆಲ್‌ನಲ್ಲಾದರೆ ಪ್ರಬಂಧದುದ್ದಕ್ಕೂ ಪ್ರತಿ ಅಕ್ಷರವನ್ನೂ ನೆನಪಿನಿಂದ ಬರೆಯಬೇಕು. ಬೇಸಿಗೆ ರಜೆಯಿಂದಲೇ ದಿನವೂ ಕೈಯಿಂದ ಬರೆಯುವ ಅಭ್ಯಾಸ ಆಗಲಿ.

ಅವಳ ಗುರಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನವೇ ಆಗಿದ್ದರೆ, ಬ್ರಿಟನ್ನಿನ ಪ್ರಮುಖ ವಿಭಾಗಗಳು ಭಾಷೆಯನ್ನು ಮೊದಲಿನಿಂದಲೂ ಕಲಿಸುತ್ತವೆಯಾದ್ದರಿಂದ ಎ ಲೆವೆಲ್ ಚೀನೀ ಇಲ್ಲದಿದ್ದರೂ ದಾರಿ ಮುಚ್ಚುವುದಿಲ್ಲ. ವೈದ್ಯಕೀಯದಂಥ ದರ್ಜೆಯ ಪೈಪೋಟಿ ತೀವ್ರವಾಗಿರುವ ಕೋರ್ಸಿಗೆ ಹೋಗುವವಳಾದರೆ ಎಚ್ಚರದಿಂದ ಲೆಕ್ಕ ಹಾಕಿ. ಆಸೆ ಅವಳದೇ ಆಗಿದ್ದರೆ, ನಾವು ತೆಗೆದುಕೊಳ್ಳಲಿ ಎನ್ನುತ್ತೇವೆ.

ಪ್ರಶ್ನೆ: ಸಿಂಗಪುರದಲ್ಲಿ ಕನ್ನಡವನ್ನು ಮಾತೃಭಾಷಾ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿಲ್ಲದ್ದರಿಂದ ಮಗಳು ಮೊದಲಿನಿಂದ ಚೀನೀ ಓದಿದ್ದಾಳೆ. ಎ ಲೆವೆಲ್‌ನಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? (ಗೃಹಿಣಿ, ಸಿಂಗಪುರ)

ಉತ್ತರ: ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಅಲ್ಲಿ ಅವಕಾಶವಿದ್ದು ಕನ್ನಡಕ್ಕೆ ಇಲ್ಲದಿರುವುದು ನಮಗೂ ನೋವಿನ ಸಂಗತಿ. ಎ ಲೆವೆಲ್‌ನಲ್ಲಿ ಎಚ್‌1 ಚೀನೀ ಸಾಮಾನ್ಯ ಮಟ್ಟದ್ದು. ಅದಕ್ಕೆ ಹಿಂದಿನ ಹಂತದ ಓ ಲೆವೆಲ್ ಪರೀಕ್ಷೆಯಲ್ಲಿ ಉನ್ನತ ಚೀನೀ ತೇರ್ಗಡೆಯಾದವರು ಅದನ್ನು ಬರೆಯಬೇಕಾಗಿಲ್ಲ. ಎಚ್‌2 ಚೀನೀ ಭಾಷೆ ಮತ್ತು ಸಾಹಿತ್ಯ ಎಂಬುದು ಪೂರ್ಣ ಪ್ರಮಾಣದ ಸಾಹಿತ್ಯ ವಿಷಯ. ಅದರಲ್ಲಿ ಪ್ರಾಚೀನ ಕವಿತೆಗಳೂ ಆಧುನಿಕ ಕಥನವೂ ಇರುವುದರಿಂದ ಓದಿನ ರುಚಿ ನಿಜವಾಗಿ ಹತ್ತಿದ್ದರೆ ಮಾತ್ರ ಆರಿಸಿಕೊಳ್ಳಲಿ. 2026ರ ವಿಶ್ವವಿದ್ಯಾಲಯ ಪ್ರವೇಶದಿಂದ ಮಾತೃಭಾಷಾ ವಿಷಯದ ಅಂಕವನ್ನು, ಅದರಿಂದ ಒಟ್ಟು ಅಂಕ ಹೆಚ್ಚುವುದಾದರೆ ಮಾತ್ರ ಪರಿಗಣಿಸುವ ವ್ಯವಸ್ಥೆ ಬಂದಿರುವುದರಿಂದ ಎಚ್‌1 ಬಗ್ಗೆ ಹೆಚ್ಚು ಆತಂಕ ಬೇಡ.

ಪ್ರಶ್ನೆ: ಎಚ್‌ಎಸ್‌ಕೆ ಪರೀಕ್ಷೆ ಪಾಸಾದರೆ ಅದು ಗಾವ್‌ಕಾವ್ ಚೀನೀಗೆ ಸಮವೇ? (ಪದವಿ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇಲ್ಲ. ಎಚ್‌ಎಸ್‌ಕೆ ಚೀನೀ ಮಾತೃಭಾಷೆಯಲ್ಲದವರಿಗಾಗಿಯೇ ಇರುವ ಭಾಷಾ ಪ್ರಾವೀಣ್ಯದ ಪರೀಕ್ಷೆ. ಅದಕ್ಕೂ ಶಾಲೆಗೂ ಸಂಬಂಧವಿಲ್ಲ. 2010ರಿಂದ ಬಳಕೆಗೆ ಬಂದ ಆರು ಹಂತಗಳ ಮಾದರಿಯಲ್ಲಿ ನಾಲ್ಕನೆಯ ಹಂತಕ್ಕೆ 1,200 ಪದ, ಆರನೆಯದಕ್ಕೆ 5,000 ಪದ ನಿಗದಿಯಾಗಿತ್ತು; ಏಳರಿಂದ ಒಂಬತ್ತನೆಯ ಹಂತಗಳ ಪರೀಕ್ಷೆ 2022ರಲ್ಲಿ ಆರಂಭವಾಯಿತು. ಚೀನಾದ ಮಗು ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣ ಮುಗಿಸುವಾಗಲೇ ಸುಮಾರು 3,500 ಅಕ್ಷರಗಳನ್ನು ಗುರುತಿಸಬೇಕೆಂಬುದು ಅಲ್ಲಿನ ಪಠ್ಯಕ್ರಮದ ಅಪೇಕ್ಷೆ, ಗಾವ್‌ಕಾವ್ ಇರುವುದು ಅದರ ನಂತರ ಇನ್ನೂ ಮೂರು ವರ್ಷ ಓದಿದವರಿಗೆ. ಅಲ್ಲಿನ ಕಾಲೇಜಿಗೆ ಹೋಗುವ ನಿಮ್ಮಂಥವರಿಗೆ ಎಚ್‌ಎಸ್‌ಕೆಯೇ ಸರಿಯಾದ ಪರೀಕ್ಷೆ.

ಪ್ರಶ್ನೆ: ಕರ್ನಾಟಕದಲ್ಲಿ ಪಿಯು ಹಂತದಲ್ಲಿ ಚೀನೀ ಭಾಷೆ ತೆಗೆದುಕೊಳ್ಳಬಹುದೇ? (ಪೋಷಕರು, ಮಂಗಳೂರು)

ಉತ್ತರ: ರಾಜ್ಯದ ಪಿಯು ಭಾಷಾ ವಿಷಯಗಳಲ್ಲಿ ಫ್ರೆಂಚ್, ಅರೇಬಿಕ್ ಇವೆ, ಚೀನೀ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಹಂತದ ವಿದೇಶಿ ಭಾಷೆಗಳಿಗೆ ಉದಾಹರಣೆಯಾಗಿ ಕೊರಿಯನ್, ಜಪಾನೀ, ಥಾಯ್ ಮೊದಲಾದವನ್ನು ಹೆಸರಿಸಿ ಚೀನೀಯನ್ನು ಬಿಟ್ಟಿದೆ. ಉಳಿದಿರುವ ದಾರಿ ಐಬಿ ಡಿಪ್ಲೊಮಾ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಇರುವ ಶಾಲೆಗಳದ್ದು. ಅಲ್ಲಿ ಭಾಷೆಯ ಪರಿಚಯವೇ ಇಲ್ಲದವರಿಗೆ ‘ಅಬ್ ಇನಿಷಿಯೊ’ ಮ್ಯಾಂಡರಿನ್, ಕೆಲವು ವರ್ಷ ಕಲಿತವರಿಗೆ ಚೀನೀ ಬಿ, ಆ ಭಾಷೆಯಲ್ಲೇ ಬೆಳೆದವರಿಗೆ ಚೀನೀ ಎ ಎಂದು ಮೂರು ಬೇರೆ ಬೇರೆ ವಿಷಯಗಳಿವೆ. ಯಾವ ಮಗುವಿಗೆ ಯಾವ ಪರೀಕ್ಷೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿರುವುದು ಈ ವ್ಯವಸ್ಥೆಯ ಒಳ್ಳೆಯ ಗುಣ. ಆದರೆ ಎಲ್ಲ ಐಬಿ ಶಾಲೆಗಳೂ ಎಲ್ಲ ಭಾಷೆಗಳನ್ನು ಕಲಿಸುವುದಿಲ್ಲ, ಶುಲ್ಕವೂ ದುಬಾರಿ. ಪ್ರವೇಶಕ್ಕೆ ಮೊದಲು ಮ್ಯಾಂಡರಿನ್ ಶಿಕ್ಷಕರು ಶಾಲೆಯಲ್ಲೇ ಇದ್ದಾರೆಯೇ, ಮುಂದಿನ ಎರಡು ವರ್ಷವೂ ತರಗತಿ ನಡೆಯುವ ಭರವಸೆ ಇದೆಯೇ ಎಂದು ಶಾಲೆಯ ಐಬಿ ಸಂಯೋಜಕರನ್ನೇ ಕೇಳಿ ತಿಳಿದುಕೊಳ್ಳಿ.